ಗೋಮಾಳದ ಚಳಿಗಾಲದ ಅತಿಥಿ

ಹಕ್ಕಿ ನೋಡಲು ಹೊಸದಾಗಿ ಹೊರಟವರು ಕೆರೆ ಹುಡುಕುತ್ತಾರೆ, ಇಲ್ಲವೇ ಮರ ಹುಡುಕುತ್ತಾರೆ. ಕೋಲಾರದ ಕ್ಯಾಲನೂರು ಸುತ್ತಿನವರಿಗೆ ನಾನು ಹೇಳುವುದು ಬೇರೆ: ರಾಗಿ ಕೊಯ್ಲಿನ ದಿನಗಳಲ್ಲಿ ಮರವಿಲ್ಲದ ಗೋಮಾಳದ ಅಂಚಿನಲ್ಲಿ ನಿಲ್ಲಿ. ಹುಲ್ಲಿನ ಮೇಲೆ ಆಳೆತ್ತರದಲ್ಲಿ, ರೆಕ್ಕೆಗಳನ್ನು ತುಸು ಮೇಲಕ್ಕೆತ್ತಿ ಹಿಡಿದು, ಅತ್ತಿತ್ತ ವಾಲುತ್ತ ತೇಲುವ ತೆಳುಮೈಯ ಬೇಟೆಹಕ್ಕಿ ಕಂಡರೆ ಅದು ಹ್ಯಾರಿಯರ್. ಅದರ ಮುಖದ ಸುತ್ತ ಗೂಬೆಗಿರುವಂತೆ ಗರಿಗಳ ಬಳೆಯಿದೆ. ಹುಲ್ಲೊಳಗೆ ಇಲಿ ಸರಿದಾಡುವ ಸದ್ದನ್ನು ಹಿಡಿಯಲು ಅದು ನೆರವಾಗುತ್ತದೆ. ಮಿಡತೆ, ಓತಿಕ್ಯಾತ, ಸಣ್ಣ ಹಕ್ಕಿಗಳೂ ಹ್ಯಾರಿಯರ್‌ಗೆ ಆಹಾರ.

ಮೊದಲು ಪ್ಯಾಲಿಡ್ ಹ್ಯಾರಿಯರ್ ಕಲಿಯಿರಿ. ಗಂಡು ತಿಳಿಬೂದು, ಹೊಟ್ಟೆ ಬಿಳಿ, ರೆಕ್ಕೆಯ ತುದಿಯಲ್ಲಿ ಬೆಣೆಯಂಥ ಕಪ್ಪು ಗುರುತು. ಅದನ್ನೇ ಹೋಲುವ ಮಾಂಟೆಗು ಹ್ಯಾರಿಯರ್ ಗಂಡಿಗೆ ರೆಕ್ಕೆಯ ಮೇಲೆ ಉದ್ದಕ್ಕೆ ಕಪ್ಪು ಪಟ್ಟಿ ಇರುತ್ತದೆ. ಹೆಣ್ಣುಗಳು ಎರಡು ಜಾತಿಯಲ್ಲೂ ಕಂದು, ಬಾಲದ ಬುಡ ಬಿಳಿ. ಅವನ್ನು ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಅವಸರ ಬೇಡ, ‘ಹೆಣ್ಣು ಹ್ಯಾರಿಯರ್’ ಎಂದಷ್ಟೇ ಬರೆದುಕೊಳ್ಳಿ.

ಪ್ಯಾಲಿಡ್ ಹ್ಯಾರಿಯರ್ ಗೂಡು ಕಟ್ಟುವುದು ಮುಖ್ಯವಾಗಿ ಕಜಕಸ್ತಾನ ಮತ್ತು ರಷ್ಯಾದ ಹುಲ್ಲುಬಯಲುಗಳಲ್ಲಿ. ಚಳಿಗಾಲಕ್ಕೆ ಕೆಲವು ಆಫ್ರಿಕಕ್ಕೂ ಕೆಲವು ಭಾರತಕ್ಕೂ ಬರುತ್ತವೆ. ಗೂಡು ಕಟ್ಟುವ ಕಡೆಯ ಬಯಲು ಉಳುಮೆಗೆ ಒಳಗಾಯಿತು, ಇಲ್ಲಿಯದೂ ಕರಗುತ್ತಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಈ ಹಕ್ಕಿಯನ್ನು ಅಪಾಯದ ಅಂಚಿಗೆ ಸಮೀಪಿಸಿದ ಜೀವಿಗಳ ಸಾಲಿನಲ್ಲಿಟ್ಟಿದೆ.

ಇಲ್ಲಿ ಅದರ ದೊಡ್ಡ ಕಷ್ಟ ರಾತ್ರಿಯದು. ಹ್ಯಾರಿಯರ್ ಮರದಲ್ಲಿ ಮಲಗುವ ಹಕ್ಕಿಯಲ್ಲ. ಮುಸ್ಸಂಜೆಗೆ ಒಂದೊಂದಾಗಿ ಇಳಿದು, ಎತ್ತರದ ಹುಲ್ಲಿನ ನಡುವೆ ನೆಲದ ಮೇಲೇ ಗುಂಪಾಗಿ ತಂಗುತ್ತದೆ. ಗುಜರಾತಿನ ವೇಳಾವದರದ ತಂಗುದಾಣ ಇದಕ್ಕೇ ಜಗತ್ತಿನಲ್ಲಿ ಹೆಸರಾಗಿದೆ. ಹುಲ್ಲಿಗೆ ಬೆಂಕಿ ಬಿದ್ದರೆ, ನಾಯಿಗಳು ನುಗ್ಗಿದರೆ, ಒತ್ತಾಗಿ ಮರ ನೆಟ್ಟರೆ ಆ ಜಾಗ ಮುಗಿಯಿತು. ಕೋಲಾರದ ಎಷ್ಟೋ ಬಯಲು ನೀಲಗಿರಿ ತೋಪಾದದ್ದು ನಿಮಗೇ ಗೊತ್ತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಹುಲ್ಲುಬಯಲನ್ನು ‘ಬಂಜರು’ ಎಂದು ಲೆಕ್ಕ ಹಾಕುವವರೆಗೆ ಗಿಡ ನೆಡುವುದೂ ಅದನ್ನು ಹಾಳುಮಾಡುವ ದಾರಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲಿ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿದ್ದು 2024ರಲ್ಲಿ, ಪಕ್ಷಿಪ್ರಿಯರು ವರ್ಷಗಟ್ಟಲೆ ಬೆನ್ನುಬಿಡದೆ ಕೇಳಿದ ಮೇಲೆ.

ನಮ್ಮ ಹಳ್ಳಿಗಳಿಗೆ ಅಷ್ಟು ದೊಡ್ಡ ಮೀಸಲು ಬೇಕಿಲ್ಲ. 100 ಜಾನುವಾರುಗಳಿಗೆ 30 ಎಕರೆಯಂತೆ ಗೋಮಾಳ ಇರಬೇಕೆಂದು ಕರ್ನಾಟಕದ ಭೂಕಂದಾಯ ನಿಯಮಗಳೇ ಹೇಳುತ್ತವೆ. ಹಸುವಿಗೆಂದು ಬರೆದ ಈ ನಿಯಮ ಪಾಲನೆಯಾದರೆ ಹ್ಯಾರಿಯರ್‌ಗೂ ನೆಲೆ ಸಿಗುತ್ತದೆ.

ತಂಗುದಾಣ ಕಂಡರೆ ಹತ್ತಿರ ಹೋಗಬೇಡಿ, ಜಾಗದ ಗುರುತನ್ನು ವಾಟ್ಸಾಪಿಗೆ ಹಾಕಬೇಡಿ. ಕಂಡ ದಿನ, ಹೊತ್ತು, ಸಂಖ್ಯೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಗೋಮಾಳದ ಸರ್ವೆ ನಂಬರನ್ನು ಗ್ರಾಮ ಆಡಳಿತ ಅಧಿಕಾರಿಯಲ್ಲಿ ಕೇಳಿ ಅದರ ಪಕ್ಕದಲ್ಲೇ ಬರೆದುಕೊಳ್ಳಿ. ಆ ನೆಲವನ್ನು ಬೇರೆ ಕೆಲಸಕ್ಕೆ ಕೊಡುವ ಮಾತು ಗ್ರಾಮಸಭೆಗೆ ಬಂದ ದಿನ ಆ ಪುಸ್ತಕ ತೆಗೆದುಕೊಂಡು ಹೋಗಿ, ಎದ್ದು ನಿಂತು ಓದಿ.