ಮೂರ್ಛೆಯೂ ಓರೆಮೇಜಿನ ಪರೀಕ್ಷೆಯೂ

ಹೈದರಾಬಾದಿನ ಜೀಡಿಮೆಟ್ಲಾ ಔಷಧ ಹಾಗೂ ರಾಸಾಯನಿಕ ಕಾರ್ಖಾನೆಗಳಿಗೆ ಹೆಸರಾದ ಕೈಗಾರಿಕಾ ಪ್ರದೇಶ. ಬೀದರ್, ಕಲಬುರಗಿ ಕಡೆಯವರು ದುಡಿಮೆಗಾಗಿ ಹೈದರಾಬಾದಿಗೆ ಬರುವುದು ಬಹುಕಾಲದ ರೂಢಿ. ಇಂತಹ ಕಡೆ ಬೇಸಿಗೆಯಲ್ಲಿ ಯಂತ್ರದ ಮುಂದೆ ಗಂಟೆಗಟ್ಟಲೆ ನಿಂತ ಕಾರ್ಮಿಕನೊಬ್ಬನು ಕಣ್ಣು ಕತ್ತಲೆಗಟ್ಟಿ ಕುಸಿದರೆ, ಕೈಗೆ ಬೀಗದಕೈ ಕೊಡುವವರೂ ಈರುಳ್ಳಿ ಮೂಸಿಸುವವರೂ ಮುಂದೆ ಬರುತ್ತಾರೆ. ಕೈಕಾಲು ನಾಲ್ಕು ಬಾರಿ ಅದುರಿದರಂತೂ ‘ಮೂರ್ಛೆರೋಗ’ವೆಂಬ ಹೆಸರು ಅಂಟಿಕೊಳ್ಳುತ್ತದೆ.

ಎಚ್ಚರ ತಪ್ಪುವುದಕ್ಕೂ ಅಪಸ್ಮಾರಕ್ಕೂ ಮೂರ್ಛೆಯೆಂಬ ಒಂದೇ ಮಾತು ಬಳಕೆಯಲ್ಲಿರುವುದು ಈ ಗೊಂದಲಕ್ಕೆ ಇಂಬು ಕೊಟ್ಟಿದೆ. ಅಪಸ್ಮಾರವು ಮೆದುಳಿನ ವಿದ್ಯುತ್ ಚಟುವಟಿಕೆಯ ಏರುಪೇರು. ಸಾಮಾನ್ಯ ಮೂರ್ಛೆಯಾದರೋ ಮೆದುಳಿಗೆ ಅಲ್ಪಕಾಲ ರಕ್ತ ಸಾಲದೆ ಬರುವಂಥದು. ಇದರಲ್ಲಿಯೂ ಅಂಗಾಂಗಗಳು ಕೆಲವು ಸೆಕೆಂಡು ಅದುರಬಹುದು. ತಪ್ಪು ನಿರ್ಣಯಕ್ಕೆ ಸಿಲುಕಿದವನು ಬೇಡದ ಗುಳಿಗೆಗಳನ್ನು ವರ್ಷಗಟ್ಟಲೆ ನುಂಗಬೇಕಾದೀತು. ಯಂತ್ರದ ಕೆಲಸವೂ ಮದುವೆಯ ಮಾತುಕತೆಯೂ ತಪ್ಪಿಹೋಗುವುದುಂಟು.

ಮನುಷ್ಯನು ಎದ್ದು ನಿಂತಾಗ ಅರ್ಧ ಲೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ರಕ್ತವು ಹೊಟ್ಟೆ, ಕಾಲುಗಳತ್ತ ಇಳಿಯುತ್ತದೆ. ಆಗ ನರಮಂಡಲವು ರಕ್ತನಾಳಗಳನ್ನು ಬಿಗಿಗೊಳಿಸಿ, ನಾಡಿಯನ್ನು ಚುರುಕುಗೊಳಿಸಿ ರಕ್ತದೊತ್ತಡವನ್ನು ಕಾಪಾಡುತ್ತದೆ. ಕೆಲವರಲ್ಲಿ ಈ ಏರ್ಪಾಡು ಹಠಾತ್ತನೆ ತಿರುಗಿಬಿದ್ದು, ನಾಳಗಳು ಸಡಿಲಗೊಂಡು ನಾಡಿ ನಿಧಾನವಾಗುತ್ತದೆ. ಈ ‘ವೇಸೋವೇಗಲ್’ ಮೂರ್ಛೆಯನ್ನು ಬ್ರಿಟನ್ನಿನ ವೈದ್ಯ ಥಾಮಸ್ ಲೂಯಿಸ್ 1932ರಲ್ಲಿ ವಿವರಿಸಿದ್ದರು. ಇದರ ಪತ್ತೆಗೆ ಓರೆಮೇಜು, ಅಂದರೆ ಟಿಲ್ಟ್ ಟೇಬಲ್, ಉಪಯುಕ್ತವೆಂಬ ಲಂಡನ್ ವೈದ್ಯರ ವರದಿ 1986ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ರೋಗಿಯು ಕೆಲವು ಗಂಟೆ ಉಪವಾಸವಿದ್ದು ಬರಬೇಕು. ಪಾದವೂರಲು ಹಲಗೆಯುಳ್ಳ ಮೇಜಿನ ಮೇಲೆ ಮಲಗಿಸಿ, ಪಟ್ಟಿಗಳಿಂದ ಭದ್ರಪಡಿಸಿ, ಹೃದಯದ ಬಡಿತ ಮತ್ತು ರಕ್ತದೊತ್ತಡಗಳನ್ನು ಎಡೆಬಿಡದೆ ದಾಖಲಿಸುತ್ತಾರೆ. ಅನಂತರ ಮೇಜನ್ನು 60ರಿಂದ 70 ಡಿಗ್ರಿಗಳವರೆಗೆ ಎತ್ತಿ 20ರಿಂದ 45 ನಿಮಿಷ ಕಾಯುತ್ತಾರೆ. ಏನೂ ಆಗದಿದ್ದರೆ ನಾಲಿಗೆಯಡಿ ನೈಟ್ರೋಗ್ಲಿಸರಿನ್ ಕೊಟ್ಟು ಮತ್ತೆ 15-20 ನಿಮಿಷ ನೋಡುವುದುಂಟು. ಎಚ್ಚರ ತಪ್ಪುತ್ತಲೇ ಮೇಜನ್ನು ಇಳಿಸುತ್ತಾರೆ. ಸಾಮಾನ್ಯವಾಗಿ ರೋಗಿಯು ಬೇಗನೆ ಚೇತರಿಸಿಕೊಳ್ಳುತ್ತಾನೆ. ಹಿಂದೆ ತನಗಾಗುತ್ತಿದ್ದುದು ಇದೇ ಎಂದು ಅವನು ಗುರುತಿಸಿದರೆ ಆ ಮಾತಿಗೆ ಅಂಕಿಗಳಷ್ಟೇ ಬೆಲೆಯುಂಟು.

ಆರೋಗ್ಯವಂತರೂ ಈ ಮೇಜಿನ ಮೇಲೆ ಮೂರ್ಛೆಹೋಗಬಹುದಾದುದರಿಂದ ಪರೀಕ್ಷೆಯೊಂದನ್ನೇ ನೆಚ್ಚಲಾಗದು. ಬಿದ್ದುದನ್ನು ಕಣ್ಣಾರೆ ಕಂಡ ಜೊತೆಗಾರನು ವೈದ್ಯರ ಬಳಿಗೆ ಬರುವುದು ಎಷ್ಟೋ ಯಂತ್ರಗಳಿಗಿಂತ ಲೇಸು. ಶ್ರಮದ ನಡುವೆ ಅಥವಾ ಮಲಗಿದ್ದಾಗ ಎಚ್ಚರ ತಪ್ಪಿದರೆ, ಎದೆನೋವಿದ್ದರೆ, ಮನೆತನದಲ್ಲಿ ಎಳೆವಯಸ್ಸಿನ ಹಠಾತ್ ಮರಣವಿದ್ದರೆ ಮೊದಲು ಹೃದಯದ ತಪಾಸಣೆ ಆಗಬೇಕು. ರಾಸಾಯನಿಕ ಕಾರ್ಖಾನೆಯಲ್ಲಿ ಇಬ್ಬರು ಮೂವರು ಒಟ್ಟಿಗೆ ಕುಸಿದರಂತೂ ಅದನ್ನು ವಿಷಾನಿಲದ ಅಪಘಾತವೆಂದೇ ಭಾವಿಸಬೇಕು. ರಕ್ಷಣಾ ಸಾಧನವಿಲ್ಲದೆ ಯಾರೂ ಒಳನುಗ್ಗಬಾರದು.

ವೇಸೋವೇಗಲ್ ಮೂರ್ಛೆಯೆಂದು ಖಚಿತವಾದವರಿಗೆ ಬಹುಮಟ್ಟಿಗೆ ಗುಳಿಗೆ ಬೇಕಾಗುವುದಿಲ್ಲ. ಅವರು ಸಾಕಷ್ಟು ನೀರು ಕುಡಿಯಬೇಕು. ಕಣ್ಣು ಮಂಜಾದೊಡನೆ ಕುಳಿತುಕೊಳ್ಳಬೇಕು ಅಥವಾ ಮಲಗಬೇಕು. ಅದಕ್ಕೆ ಅವಕಾಶವಿಲ್ಲದಿದ್ದರೆ ಕಾಲುಗಳನ್ನು ಹೆಣೆದು, ಮುಷ್ಟಿ ಬಿಗಿಹಿಡಿಯಬೇಕು. ಬಿದ್ದವನನ್ನು ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರಿಸಬೇಕು. ಪೂರ್ಣ ಎಚ್ಚರವಾಗುವವರೆಗೆ ಬಾಯಿಗೆ ನೀರು ಹಾಕಬಾರದು.