ಕೆಲಸ ಹೋಗಿದೆ ಎಂದು ಹೇಳಿಬಿಡಿ

ಕೆಲಸ ಬಿಟ್ಟು ಹೋಗುವವರ ಲೆಕ್ಕ ಚುಕ್ತಾ ಮಾಡುವುದೇ ಹನ್ನೆರಡು ವರ್ಷ ನನ್ನ ಕೆಲಸವಾಗಿತ್ತು. ಬೆಂಗಳೂರಿನ ಒಂದು ಖಾಸಗಿ ಕಂಪನಿಯ ಪೇರೋಲ್ ವಿಭಾಗ. ಯಾರ ರಜೆ ಎಷ್ಟು ಉಳಿದಿದೆ, ನೋಟಿಸ್ ಅವಧಿಗೆ ಎಷ್ಟು ದಿನ ಕಡಿಮೆ ಬಿತ್ತು, ಲ್ಯಾಪ್‌ಟಾಪ್ ವಾಪಸ್ ಬಂತೇ, ಗ್ರಾಚ್ಯುಟಿ ಎಷ್ಟು, ದಿನವಿಡೀ ಇದೇ. 2023ರಲ್ಲಿ ನಮ್ಮ ವಿಭಾಗದ ಕೆಲಸವನ್ನೇ ಹೊರಗಿನವರಿಗೆ ಗುತ್ತಿಗೆ ಕೊಟ್ಟರು. ನನ್ನ ಫೈನಲ್ ಸೆಟಲ್‌ಮೆಂಟ್ ಹಾಳೆಯನ್ನೂ ನಾನೇ ತಯಾರಿಸಿ ಸಹಿಗೆ ಕಳಿಸಿದೆ. ತಪ್ಪು ಹುಡುಕುವವರು ಯಾರೂ ಉಳಿದಿರಲಿಲ್ಲ, ಆದರೂ ಎರಡು ಸಲ ಕೂಡಿ ನೋಡಿದೆ. ಚಟ.

ಆ ಕುರ್ಚಿಯಲ್ಲಿ ಕೂತು ಕಂಡದ್ದರಿಂದ ನನಗೊಂದು ಅಭಿಪ್ರಾಯ ಬೇರೂರಿದೆ. ಸಂಬಳ ನಿಂತ ಹೊಡೆತಕ್ಕಿಂತ, ನಿಂತದ್ದನ್ನು ಮುಚ್ಚಿಡಲು ಮಾಡುವ ಖರ್ಚೇ ಹೆಚ್ಚು ಸಂಸಾರಗಳನ್ನು ಸಾಲಕ್ಕೆ ತಳ್ಳುತ್ತದೆ. ಕೆಲಸ ಬಿಟ್ಟು ತಿಂಗಳುಗಳಾದ ಮೇಲೂ ಒಬ್ಬರು ನನಗೆ ಹೋಟೆಲಿನ ಗದ್ದಲದ ನಡುವಿನಿಂದ ಫೋನ್ ಮಾಡುತ್ತಿದ್ದರು. ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಮನೆಯಿಂದ ಹೊರಡುವುದು, ಸಂಜೆ ಹಿಂತಿರುಗುವುದು. ಹೆಂಡತಿಗೆ ಗೊತ್ತಿಲ್ಲ, ಮಾವನ ಮನೆಗಂತೂ ಗೊತ್ತಾಗಲೇಬಾರದು. ಹಾಗಾಗಿ ನಾದಿನಿಯ ಮದುವೆಯ ಮುಯ್ಯಿ ಕಡಿಮೆಯಾಗಲಿಲ್ಲ, ಕೂರ್ಗ್ ಪ್ರವಾಸ ರದ್ದಾಗಲಿಲ್ಲ. ಎಲ್ಲವೂ ಕ್ರೆಡಿಟ್ ಕಾರ್ಡ್ ಮೇಲೆ. ಬಾಕಿ ಉಳಿಸಿಕೊಂಡರೆ ಕಾರ್ಡುಗಳು ತಿಂಗಳಿಗೆ ಶೇ 3ರಿಂದ 3.5ರಷ್ಟು ಬಡ್ಡಿ ಹಾಕುತ್ತವೆ, ಅಂದರೆ ವರ್ಷಕ್ಕೆ ಶೇ 40ರ ಆಸುಪಾಸು. ಊರ ಬಡ್ಡಿ ವ್ಯಾಪಾರಿಯನ್ನು ಬೈಯುವ ನಾವು ಇದನ್ನು ಮಾತ್ರ ಸದ್ದಿಲ್ಲದೆ ಕಟ್ಟುತ್ತೇವೆ.

ನಾನು ನನ್ನ ಕೆಲಸ ಹೋದ ದಿನ ರಾತ್ರಿಯೇ ಮನೆಯಲ್ಲಿ ಹೇಳಿದೆ. ಮರುದಿನ ಅರಸೀಕೆರೆಗೆ ಫೋನ್ ಮಾಡಿದೆ. ಅಪ್ಪ ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ್ರೆ ಹೋಯ್ತು ಬಿಡು ಮಗಾ. ಪಿಎಫ್ ಒಂದು ಮುಟ್ಟಬೇಡ" ಅಂದರು. ಅತ್ತಿಗೆಯ ಮನೆ ಗೃಹಪ್ರವೇಶ ಹತ್ತಿರದಲ್ಲೇ ಇತ್ತು. ಅವರಿಗೂ ಹೇಳಿದೆ. "ಕವರು ಗಿವರು ಏನೂ ತರಬೇಡ, ಬಂದು ಬಡಿಸೋಕೆ ನಿಂತ್ಕೊ ಸಾಕು" ಎಂದರು. ಹೇಳಿದ್ದರಿಂದ ಉಳಿದ ದುಡ್ಡು ಎಲ್ಲಾ ಬಜೆಟ್ ಆಪ್‌ಗಳು ಉಳಿಸಿಕೊಟ್ಟದ್ದಕ್ಕಿಂತ ಜಾಸ್ತಿ. ಪಕ್ಕದ ಮನೆಯವರಿಗೆ ಮಾತ್ರ ಹೇಳುವ ಪ್ರಸಂಗವೇ ಬರಲಿಲ್ಲ. ಕೋವಿಡ್ ನಂತರ ಹಗಲು ಮನೆಯಲ್ಲಿದ್ದವರೆಲ್ಲ ವರ್ಕ್ ಫ್ರಮ್ ಹೋಮ್ ಎಂದೇ ಅವರ ಲೆಕ್ಕ.

ಇನ್ನು ಕೈಗೆ ಬರುವ ಹಣ. ಗ್ರಾಚ್ಯುಟಿಗೆ ಸಾಮಾನ್ಯವಾಗಿ 5 ವರ್ಷ ಸೇವೆ ಆಗಿರಬೇಕು. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಿ. ಮೂಲ ವೇತನ 40,000 ಇದ್ದು 12 ವರ್ಷ ದುಡಿದಿದ್ದರೆ ಸುಮಾರು 2.77 ಲಕ್ಷ. 30 ದಿನದೊಳಗೆ ಕೊಡಬೇಕು. 20 ಲಕ್ಷದವರೆಗೆ ತೆರಿಗೆ ಇಲ್ಲ. ಕೆಲಸ ಬಿಡುವಾಗ ಬರುವ ರಜೆ ನಗದಿಗೂ ಮಿತಿಯೊಳಗೆ ತೆರಿಗೆ ವಿನಾಯಿತಿ ಇದೆ. 2023ರಲ್ಲಿ ಆ ಮಿತಿ 3 ಲಕ್ಷದಿಂದ 25 ಲಕ್ಷಕ್ಕೆ ಏರಿತು. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆಯ ಪ್ರಕಾರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳಲ್ಲೇ ಚುಕ್ತಾ ಮಾಡಬೇಕು. ನಮ್ಮ ಕಾಲದಲ್ಲಿ ನಲವತ್ತೈದು ದಿನ ಎಂದು ಹೇಳಿ ಕಳಿಸುತ್ತಿದ್ದೆವು, ಯಾರೂ ಮರುಪ್ರಶ್ನೆ ಹಾಕುತ್ತಿರಲಿಲ್ಲ. ಹಾಕಿ.

ಈ ಇಡಿಗಂಟು ಬಂದಾಗ ಗೃಹಸಾಲಕ್ಕೆ ಒಂದಿಷ್ಟು ಕಟ್ಟಿ ಭಾರ ಇಳಿಸಿಕೊಳ್ಳೋಣ ಎಂದು ನನ್ನ ಗಂಡನಿಗೆ ಅನ್ನಿಸಿತು. ನಾನು ಒಪ್ಪಲಿಲ್ಲ. ಸಾಲಕ್ಕೆ ಕಟ್ಟಿದ ದುಡ್ಡು ಮುಂದಿನ ತಿಂಗಳ ದಿನಸಿಗೆ ವಾಪಸ್ ಬರುವುದಿಲ್ಲ. ಕಾರ್ಡಿನ ಬಾಕಿ ಮಾತ್ರ ಪೂರ್ತಿ ತೀರಿಸಿ, ಉಳಿದದ್ದನ್ನು ಇಎಂಐ, ಸ್ಕೂಲ್ ಫೀಸು, ಮನೆಖರ್ಚು ಎಂದು ತಿಂಗಳ ಲೆಕ್ಕದಲ್ಲಿ ಬೇರೆ ಖಾತೆಗೆ ಹಾಕಿದೆವು. ಪ್ರತಿ ತಿಂಗಳು ಒಂದನೇ ತಾರೀಕು ಅಲ್ಲಿಂದ ಸಂಬಳದ ಖಾತೆಗೆ ವರ್ಗಾವಣೆ. ಸಂಬಳ ಬಂತೆಂಬ ಭ್ರಮೆಯೂ ಒಂದು ಶಿಸ್ತೇ.

ಪಿಎಫ್ ವಿಷಯದಲ್ಲಿ ಅಪ್ಪನ ಮಾತು ಲೆಕ್ಕದಲ್ಲೂ ಸರಿ. 2024–25ಕ್ಕೆ ಅದರ ಬಡ್ಡಿ ಶೇ 8.25; ಅಷ್ಟು ಕೊಡುವ ಸುಭದ್ರ ಠೇವಣಿ ಸಿಗುವುದು ಕಷ್ಟ. ಐದು ವರ್ಷದ ಸೇವೆ ತುಂಬುವ ಮೊದಲೇ ತೆಗೆದರೆ ತೆರಿಗೆಯೂ ಬೀಳಬಹುದು. 2023ರ ನಿಯಮದಂತೆ ಒಂದು ತಿಂಗಳ ನಿರುದ್ಯೋಗದ ನಂತರ ಶೇ 75, ಎರಡು ತಿಂಗಳಾದ ಮೇಲೆ ಉಳಿದದ್ದು ತೆಗೆಯಬಹುದಿತ್ತು. ಶೇ 75 ತಕ್ಷಣ ಸಿಗುವಂತೆ, ಪೂರ್ತಿ ತೆಗೆಯಲು ಮಾತ್ರ 12 ತಿಂಗಳು ಕಾಯುವಂತೆ ಬದಲಿಸಲು 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಕೇಂದ್ರ ಮಂಡಳಿ ತೀರ್ಮಾನಿಸಿತು. ನಮ್ಮ ದುಡ್ಡು ನಮಗೆ ಕೊಡದಿರಲು ಇವರ್ಯಾರು ಎಂದು ಬೈದವರು ಬಹಳ. ಮೂರು ಅಂಕಿಯ ಪಿಎಫ್ ಬಾಕಿ ಇಟ್ಟುಕೊಂಡು ಐವತ್ತು ದಾಟಿದವರ ಫೈಲುಗಳನ್ನು ನೋಡಿದ ನಾನು ಬೈಯಲಾರೆ.

ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದೇ ಎಂದು ಆ ದಿನಕ್ಕೆ ಮುಂಚೆಯೇ ಎಚ್‌ಆರ್‌ಗೆ ಬರೆದು ಕೇಳಿ. ಬಿಪಿ, ಶುಗರ್ ಇರುವ ತಂದೆತಾಯಿ ಇದ್ದರಂತೂ ಮೊದಲು ಇದೇ ಕೆಲಸ.

ಸರ್ಕಾರದ ನೆರವು? ಯುವನಿಧಿ ಇರುವುದು ಹೊಸದಾಗಿ ಓದು ಮುಗಿಸಿದವರಿಗೆ: ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಇಎಸ್‌ಐ ವ್ಯಾಪ್ತಿಯವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ ಸರಾಸರಿ ದಿನಗೂಲಿಯ ಅರ್ಧ, ಒಟ್ಟು 90 ದಿನ ಮೀರದಂತೆ ಸಿಗುತ್ತದೆ. ತಿಂಗಳಿಗೆ 21,000ಕ್ಕಿಂತ ಹೆಚ್ಚು ಸಂಬಳ ಇದ್ದವರು ಇಎಸ್‌ಐಗೇ ಸೇರುವುದಿಲ್ಲ. ನಲವತ್ತು ದಾಟಿದ ಗುಮಾಸ್ತೆಗೆ ಈ ದೇಶದಲ್ಲಿ ಇರುವ ನಿರುದ್ಯೋಗ ವಿಮೆ ಎಂದರೆ ಗಂಡನ ಸಂಬಳ ಮತ್ತು ಅಪ್ಪನ ಪಿಂಚಣಿ.

ಕೆಲಸ ಹುಡುಕುವಾಗ ನನಗೆ ನೆರವಾದದ್ದು ಒಂದು ವಿಚಿತ್ರ ಅನುಕೂಲ. ಬೆಂಗಳೂರಿನ ಎಷ್ಟೋ ಕಂಪನಿಗಳಲ್ಲಿ ನೋಟಿಸ್ ಅವಧಿ 90 ದಿನ. ನಾಳೆಯೇ ಬರುತ್ತೇನೆ ಎನ್ನಬಲ್ಲವರು ಕೆಲಸ ಇಲ್ಲದವರು ಮಾತ್ರ. ರೆಸ್ಯೂಮೆಯ ಮೇಲ್ಗಡೆಯೇ ಅದನ್ನು ಬರೆದೆ. ಜಾಬ್ ಸೈಟುಗಳಿಂದ ಬಂದ ಕರೆಗಳಲ್ಲಿ ಒಂದು, ಇಂಟರ್‌ವ್ಯೂ ಇಲ್ಲದೆ ಆಫರ್ ಲೆಟರ್ ಕಳಿಸಿ, ಲ್ಯಾಪ್‌ಟಾಪಿಗೆ ಠೇವಣಿ ಕಟ್ಟಿ ಎಂದಿತು. ಕೆಲಸ ಕೊಡುವವರು ದುಡ್ಡು ಕೊಡುತ್ತಾರೆ, ಕೇಳುವುದಿಲ್ಲ. ಯಾರಾದರೂ ಕಟ್ಟಿಬಿಟ್ಟಿದ್ದರೆ ನಾಚಿಕೆಪಡುತ್ತಾ ಕೂರದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಕೊನೆಗೆ ಕೆಲಸ ಸಿಕ್ಕಿದ್ದು, ಹಿಂದೆಂದೋ ಪಿಎಫ್ ವರ್ಗಾವಣೆ ಸಿಕ್ಕಿಹಾಕಿಕೊಂಡಾಗ ನಾನು ಬಿಡಿಸಿಕೊಟ್ಟ ಸಹೋದ್ಯೋಗಿಯಿಂದ. ನನ್ನ ಸುದ್ದಿ ಅವರಿಗೆ ಮೂರನೆಯವರಿಂದ ತಲುಪಿತ್ತು. ಸಂಬಳ ಮೊದಲಿಗಿಂತ ಕಡಿಮೆ, ಒಪ್ಪಿಕೊಂಡೆ. ಹಳೆಯ ಕಂಪನಿಯ ಸಂಬಳದ ವಿವರವನ್ನು ಮೊದಲ ವಾರವೇ ಹೊಸ ಕಂಪನಿಗೆ ಕೊಟ್ಟೆ. ಕೊಡದಿದ್ದರೆ ಇಬ್ಬರೂ ಬೇರೆಬೇರೆಯಾಗಿ ತೆರಿಗೆ ವಿನಾಯಿತಿ ಲೆಕ್ಕ ಹಾಕಿ, ರಿಟರ್ನ್ ಸಲ್ಲಿಸುವಾಗ ಬಾಕಿ ನಮ್ಮ ತಲೆಗೆ ಬರುತ್ತದೆ.

ನಿಮ್ಮ ಬಳಗದಲ್ಲಿ ಯಾರದಾದರೂ ಕೆಲಸ ಹೋಗಿದೆ ಎಂದು ಕಿವಿಗೆ ಬಿದ್ದರೆ, ಗೊತ್ತಿಲ್ಲದವರಂತೆ ಇದ್ದುಬಿಡುವುದು ಮರ್ಯಾದೆ ಎಂದುಕೊಳ್ಳಬೇಡಿ. ಫೋನ್ ಮಾಡಿ, ರೆಸ್ಯೂಮೆ ತರಿಸಿಕೊಂಡು ನಿಮ್ಮ ಆಫೀಸಿನ ಎಚ್‌ಆರ್‌ಗೆ ಇವತ್ತೇ ಕಳಿಸಿ.