ಸಭೆಯ ನುಡಿ, ಕಡತದ ನುಡಿ: ಬೆಂಗಳೂರು ದಕ್ಷಿಣದ ಪೌರಾಡಳಿತ ಕನ್ನಡವನ್ನು ಕುರಿತು

೧. ಪೀಠಿಕೆ

ಆಡಳಿತ ಕನ್ನಡವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಪಾರಿಭಾಷಿಕ ಪದಗಳ ಸುತ್ತಲೇ ನಡೆದಿವೆ. ಇಂಗ್ಲಿಷಿನ ಯಾವ ಪದಕ್ಕೆ ಕನ್ನಡದಲ್ಲಿ ಯಾವ ಪದ ಸೂಕ್ತ, ಸಂಸ್ಕೃತದ ಪದವೋ ದೇಸಿಯ ಪದವೋ ಎಂಬ ಪ್ರಶ್ನೆಗಳು ಪದಕೋಶಗಳ ರಚನೆಗೆ ಪ್ರೇರಣೆ ನೀಡಿದವು. ೧೯೬೩ರ ರಾಜಭಾಷಾ ಅಧಿನಿಯಮದ ನಂತರದ ದಶಕಗಳಲ್ಲಿ ಈ ಕೆಲಸ ಅಗತ್ಯವೂ ಆಗಿತ್ತು. ಆದರೆ ಆಡಳಿತದ ನುಡಿ ಕೇವಲ ಪದಗಳ ಮೊತ್ತವಲ್ಲ. ಅದಕ್ಕೊಂದು ವಾಕ್ಯರಚನೆಯಿದೆ, ಆ ವಾಕ್ಯರಚನೆಯೊಳಗೆ ಅಧಿಕಾರದ ಸಂಬಂಧಗಳು ಅಡಗಿವೆ. ಯಾರು ತೀರ್ಮಾನಿಸಿದರು, ಯಾರ ಮೇಲೆ ತೀರ್ಮಾನಿಸಿದರು ಎಂಬುದನ್ನು ವಾಕ್ಯವು ಹೇಳಬಹುದು, ಮರೆಮಾಚಲೂಬಹುದು.

ಈ ಹಿನ್ನೆಲೆಯಲ್ಲಿ ಪ್ರಸ್ತುತ ಲೇಖನವು ಬೆಂಗಳೂರಿನ ಪಾಲಿಕೆ ಸಭೆಯ ನುಡಿಯನ್ನು ಪರಿಶೀಲಿಸುತ್ತದೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳನ್ನೊಳಗೊಂಡ ನಗರದ ದಕ್ಷಿಣ ಭಾಗದಿಂದ ನಿದರ್ಶನಗಳನ್ನು ಆಯ್ದುಕೊಳ್ಳಲಾಗಿದೆ. ಸಭೆಯಲ್ಲಿ ಆಡುವ ಮಾತು ಮತ್ತು ಕಡತದಲ್ಲಿ ಬರೆಯುವ ಮಾತು ಇವೆರಡರ ನಡುವಿನ ಅಂತರವೇನು, ಸಭೆಯೇ ಇಲ್ಲವಾದಾಗ ಆ ಅಂತರಕ್ಕೆ ಏನಾಗುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

೨. ಸಭೆ ಮತ್ತು ಸ್ಥಳನಾಮ

ಬೆಂಗಳೂರಿನಲ್ಲಿ ಪೌರಾಡಳಿತದ ವ್ಯವಸ್ಥೆ ರೂಪುಗೊಂಡದ್ದು ೧೮೬೨ರಲ್ಲಿ. ಪೇಟೆಗೂ ದಂಡು ಪ್ರದೇಶಕ್ಕೂ ಪ್ರತ್ಯೇಕ ಮಂಡಳಿಗಳಿದ್ದವು. ಇವೆರಡನ್ನೂ ಒಂದುಗೂಡಿಸಿದ್ದು ೧೯೪೯ರ ಬೆಂಗಳೂರು ನಗರ ಪಾಲಿಕೆ ಅಧಿನಿಯಮ. ಮುಂದೆ ೧೯೭೬ರ ಕರ್ನಾಟಕ ಪೌರ ನಿಗಮಗಳ ಅಧಿನಿಯಮ ಜಾರಿಗೆ ಬಂದಿತು. ೨೦೦೭ರಲ್ಲಿ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಹಾಗೂ ೧೧೦ ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. ೨೦೧೦ರ ಚುನಾವಣೆಯಲ್ಲಿ ೧೯೮ ವಾರ್ಡುಗಳಿಂದ ಸದಸ್ಯರು ಆಯ್ಕೆಯಾದರು. ಕೆಂಪೇಗೌಡ ಪೌರ ಸಭಾಂಗಣದಲ್ಲಿ ಸೇರುತ್ತಿದ್ದ ಮಾಸಿಕ ಸಭೆ ಈ ವ್ಯವಸ್ಥೆಯ ಕೇಂದ್ರವಾಗಿತ್ತು.

ನಗರದ ದಕ್ಷಿಣ ಭಾಗ ಯೋಜಿತ ಬಡಾವಣೆಗಳ ನಾಡು. ಜಯನಗರಕ್ಕೆ ೧೯೪೮ರಲ್ಲಿ ಸಿ. ರಾಜಗೋಪಾಲಾಚಾರಿಯವರು ಅಡಿಗಲ್ಲು ಇಟ್ಟರು. ಬಡಾವಣೆಗಳನ್ನು ನಿರ್ಮಿಸಿದ್ದು ಮೊದಲಿಗೆ ನಗರ ಸುಧಾರಣಾ ವಿಶ್ವಸ್ಥ ಮಂಡಳಿ, ೧೯೭೬ರ ನಂತರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ. ಈ ಸಂಸ್ಥೆಗಳು ನೆಲಕ್ಕೆ ಬ್ಲಾಕು, ಹಂತ, ಅಡ್ಡರಸ್ತೆ, ಮುಖ್ಯರಸ್ತೆಗಳೆಂಬ ಅಂಕಿಗಳ ಭಾಷೆಯನ್ನು ಕೊಟ್ಟವು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಬಿ.ಟಿ.ಎಂ. ಎಂಬ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ಅಡಗಿಕೊಂಡವು.

ಗಮನಾರ್ಹ ಸಂಗತಿಯೆಂದರೆ, ಬಡಾವಣೆಯ ನಕ್ಷೆ ಮರೆಸಿದ ಹೆಸರುಗಳನ್ನು ಪಾಲಿಕೆಯ ವಾರ್ಡುಗಳ ಪಟ್ಟಿ ಉಳಿಸಿಕೊಂಡಿತ್ತು. ಸಾರಕ್ಕಿ, ಭೈರಸಂದ್ರ, ಗುರಪ್ಪನಪಾಳ್ಯ, ಕರಿಸಂದ್ರ, ಯಡಿಯೂರು, ಜಕ್ಕಸಂದ್ರ ಇವೆಲ್ಲ ೧೯೮ ವಾರ್ಡುಗಳ ಪಟ್ಟಿಯಲ್ಲಿದ್ದ ಹೆಸರುಗಳು. ಸಂದ್ರ, ಪಾಳ್ಯ, ಊರು, ಹಳ್ಳಿ ಎಂಬ ವಾರ್ಗಿಕಗಳು ಸ್ಥಳನಾಮ ಅಧ್ಯಯನಕಾರರಿಗೆ ಚಿರಪರಿಚಿತ. ಸದಸ್ಯನೊಬ್ಬ ಸಭೆಯಲ್ಲಿ ಎದ್ದು ನಿಂತಾಗ ಅವನ ಹಿಂದೆ ನಿಲ್ಲುತ್ತಿದ್ದುದು ನಾಲ್ಕನೆಯ ಬ್ಲಾಕೋ ಮೂರನೆಯ ಹಂತವೋ ಅಲ್ಲ, ಒಂದು ಊರಿನ ಹೆಸರು.

೩. ಸಭೆಯ ಪದಸಂಪತ್ತು

ಸಭೆಯ ಪದಗಳಲ್ಲಿ ನಾಲ್ಕು ಪದರಗಳನ್ನು ಗುರುತಿಸಬಹುದು. ಮೊದಲನೆಯದು ಅರಬ್ಬಿ, ಪಾರಸಿ, ಮರಾಠಿ ಮೂಲದ ಪದರ. ಅರ್ಜಿ, ಹಾಜರಿ, ಮಂಜೂರು, ರದ್ದು, ಜಾರಿ, ಚಕ್ಕುಬಂದಿ, ಖಾತೆ, ಠರಾವು, ಕಾಮಗಾರಿ ಮೊದಲಾದವು ಇದಕ್ಕೆ ಸೇರುತ್ತವೆ. ಹದಿನೇಳನೆಯ ಶತಮಾನದಲ್ಲಿ ಷಹಾಜಿಯ ಜಹಗೀರಾಗಿದ್ದು, ಮುಂದೆ ಹೈದರ್, ಟಿಪ್ಪುವಿನ ಆಳ್ವಿಕೆಯನ್ನು ಕಂಡ ಊರಿನಲ್ಲಿ ಈ ಪದಗಳು ಪರಕೀಯವಾಗಿ ಉಳಿಯಲಿಲ್ಲ. ಎರಡನೆಯದು ಸಂಸ್ಕೃತದ ಪದರ: ನಿರ್ಣಯ, ಅನುಮೋದನೆ, ಕಾರ್ಯಸೂಚಿ, ಸ್ಥಾಯಿ ಸಮಿತಿ. ಮೂರನೆಯದು ಇಂಗ್ಲಿಷಿನದು: ವಾರ್ಡು, ಟೆಂಡರು, ಬಜೆಟ್ಟು, ಕೋರಂ. ನಾಲ್ಕನೆಯದು ಅಚ್ಚಕನ್ನಡದ ಪದರ: ನಡವಳಿ, ಗೊತ್ತುವಳಿ, ನಿಲುವಳಿ, ಒತ್ತುವರಿ, ತೆರವು. ಕ್ರಿಯೆಯನ್ನು ನಾಮಪದವಾಗಿಸುವ ಕನ್ನಡದ ಶಕ್ತಿಗೆ ಈ ಕೊನೆಯ ಗುಂಪು ಒಳ್ಳೆಯ ನಿದರ್ಶನ.

ಪದಗಳ ಆಯ್ಕೆ ಅರ್ಥದ ಆಯ್ಕೆಯೂ ಹೌದು. ರಾಜಕಾಲುವೆ ಎಂಬ ಪದವನ್ನೇ ನೋಡಬಹುದು. ಇಂಗ್ಲಿಷಿನ ಪದವನ್ನು ಅನುಸರಿಸಿದ ಮಳೆನೀರು ಚರಂಡಿ ಎಂಬ ಪ್ರಯೋಗವೂ ಬಳಕೆಯಲ್ಲಿದೆ. ಚರಂಡಿ ಎಂದರೆ ಬೇಡದ ನೀರನ್ನು ಹೊರಹಾಕುವ ದಾರಿ. ಕಾಲುವೆ ಎಂದರೆ ಬೇಕಾದ ನೀರನ್ನು ಕೆರೆಯಿಂದ ಕೆರೆಗೆ ಒಯ್ಯುವ ದಾರಿ. ಏರಿ, ತೂಬು, ಕೋಡಿಗಳ ಒಂದಿಡೀ ಲೋಕ ಆ ಪದದ ಬೆನ್ನಿಗಿದೆ. ೨೦೧೫ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವು ನಡೆದಾಗ ಸಾರ್ವಜನಿಕ ಚರ್ಚೆಗೆ ಒದಗಿದ್ದು ಈ ಹಳೆಯ ಪದಗಳೇ. ಚರಂಡಿಯೆಂದು ಕರೆದುದನ್ನು ಮುಚ್ಚಿದರೆ ಸ್ವಚ್ಛತೆ ಎನಿಸಬಹುದು. ಕಾಲುವೆಯೆಂದು ಕರೆದುದನ್ನು ಮುಚ್ಚಿದರೆ ಅದು ಕೆರೆಯ ಕತ್ತನ್ನು ಹಿಸುಕಿದಂತೆ.

ಪೌರ ಎಂಬ ಪದದ ಚರಿತ್ರೆ ಇನ್ನೂ ಕುತೂಹಲಕರವಾದುದು. ಪುರದಲ್ಲಿರುವವನು ಪೌರ. ಪಾಲಿಕೆಯ ವ್ಯವಸ್ಥೆಯಲ್ಲಿ ಈ ಪದ ಎರಡು ತುದಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೇಲಿನ ತುದಿಯಲ್ಲಿ ಮಹಾಪೌರ. ಕೆಳಗಿನ ತುದಿಯಲ್ಲಿ ಪೌರಕಾರ್ಮಿಕ. ಜಾಡಮಾಲಿ ಎಂಬ ಹಳೆಯ ಪದಕ್ಕೆ ಅಂಟಿದ್ದ ಜಾತಿಯ ಕಳಂಕವನ್ನು ನೀಗುವ ಆಶಯ ಪೌರಕಾರ್ಮಿಕ ಎಂಬ ಪದದಲ್ಲಿದೆ. ಐನೂರು ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರಿರಬೇಕೆಂದು ಐ.ಪಿ.ಡಿ. ಸಾಲಪ್ಪ ಸಮಿತಿ ಶಿಫಾರಸು ಮಾಡಿತ್ತು. ಆದರೆ ನಡವಳಿಗಳಲ್ಲಿ ಮಹಾಪೌರರ ಹಿಂದೆ ಪೂಜ್ಯ ಎಂಬ ವಿಶೇಷಣ ತಪ್ಪದೆ ಬರುತ್ತದೆ. ಪೌರಕಾರ್ಮಿಕರ ಹಿಂದೆ ಬಹುಕಾಲ ಬರುತ್ತಿದ್ದುದು ಗುತ್ತಿಗೆ ಎಂಬ ವಿಶೇಷಣ. ಧಾತು ಒಂದೇ ಆದರೂ ವಿಶೇಷಣಗಳು ಸಮಾಜದ ಶ್ರೇಣಿಯನ್ನು ಕಾಯ್ದುಕೊಂಡಿವೆ.

೪. ಕರ್ತೃವಿಲ್ಲದ ವಾಕ್ಯ

ಸಭೆಯ ಮಾತು ಕಡತಕ್ಕೆ ಇಳಿಯುವ ಬಗೆಯನ್ನು ಒಂದು ಮಾದರಿಯಿಂದ ವಿವರಿಸಬಹುದು. ಸದಸ್ಯೆಯೊಬ್ಬರು ಹೀಗೆ ಹೇಳುತ್ತಾರೆಂದು ಭಾವಿಸೋಣ: “ನಮ್ಮ ವಾರ್ಡಿನಲ್ಲಿ ರಸ್ತೆ ಅಗೆದು ಮೂರು ತಿಂಗಳಾಯಿತು, ಎಂಜಿನಿಯರು ಒಂದು ದಿನವೂ ಬಂದು ನೋಡಲಿಲ್ಲ, ಮುದುಕರು ಬಿದ್ದು ಕಾಲು ಮುರಿದುಕೊಂಡರು.” ಇದು ನಡವಳಿಯಲ್ಲಿ ಹೀಗಾಗುತ್ತದೆ: “ರಸ್ತೆ ದುರಸ್ತಿಯ ಬಗ್ಗೆ ಚರ್ಚಿಸಲಾಯಿತು. ಕ್ರಮ ಕೈಗೊಳ್ಳಲು ಸೂಚಿಸಲಾಯಿತು.” ಮೊದಲಿನ ಮಾತಿನಲ್ಲಿ ವಾರ್ಡು, ಎಂಜಿನಿಯರು, ಮುದುಕರು ಎಲ್ಲರೂ ಇದ್ದಾರೆ. ಎರಡನೆಯದರಲ್ಲಿ ಯಾರೂ ಇಲ್ಲ.

ಈ ರಚನೆಯನ್ನು ಸಾಮಾನ್ಯವಾಗಿ ಕರ್ಮಣಿ ಪ್ರಯೋಗವೆಂದು ಕರೆದು ಬಿಡಲಾಗುತ್ತದೆ. ಸೂಕ್ಷ್ಮವಾಗಿ ನೋಡಿದರೆ ಇಲ್ಲಿ ಎರಡು ಬೇರೆ ಬೇರೆ ರಚನೆಗಳಿವೆ. ‘ಅಂಗಡಿಗಳು ತೆರವುಗೊಳಿಸಲ್ಪಟ್ಟವು’ ಎಂಬಲ್ಲಿ ಕರ್ಮವು ಪ್ರಥಮಾ ವಿಭಕ್ತಿಗೆ ಬಂದು ಕ್ರಿಯಾಪದದೊಡನೆ ವಚನದಲ್ಲಿ ಹೊಂದಿಕೊಳ್ಳುತ್ತದೆ. ‘ಅಂಗಡಿಗಳನ್ನು ತೆರವುಗೊಳಿಸಲಾಯಿತು’ ಎಂಬಲ್ಲಿ ಕರ್ಮ ದ್ವಿತೀಯೆಯಲ್ಲೇ ಉಳಿಯುತ್ತದೆ. ಕ್ರಿಯಾಪದವು ನಪುಂಸಕಲಿಂಗದ ಏಕವಚನದಲ್ಲಿ ನಿಂತುಬಿಡುತ್ತದೆ. ಅಂದರೆ ಎರಡನೆಯ ರಚನೆಯಲ್ಲಿ ಕರ್ತೃಸ್ಥಾನವೇ ಖಾಲಿ. ಪಾಲಿಕೆಯ ಕಡತಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಈ ಎರಡನೆಯ ರಚನೆಯೇ.

ಆಡುಮಾತಿನಲ್ಲಿಯೂ ಕರ್ತೃವನ್ನು ಹೆಸರಿಸದ ವಾಕ್ಯಗಳಿವೆ. ‘ಅಂಗಡಿ ಎತ್ತಿಸಿದ್ರು’, ‘ರಸ್ತೆ ಅಗೆದುಹಾಕಿದ್ರು’ ಎಂದು ಜನ ಹೇಳುತ್ತಾರೆ. ಆದರೆ ಇಲ್ಲಿನ ಪ್ರತ್ಯಯ ಮಾನುಷ ಬಹುವಚನದ್ದು. ಹೆಸರು ಹೇಳದಿದ್ದರೂ ಮಾಡಿದವರು ಮನುಷ್ಯರೆಂಬುದನ್ನು ಆ ಪ್ರತ್ಯಯ ಒಪ್ಪಿಕೊಳ್ಳುತ್ತದೆ. ‘ಯಾರು?’ ಎಂಬ ಮರುಪ್ರಶ್ನೆಗೆ ಅಲ್ಲಿ ಜಾಗವಿದೆ. ‘ತೆರವುಗೊಳಿಸಲಾಯಿತು’ ಎಂಬುದರಲ್ಲಿ ಆ ಜಾಗ ಮುಚ್ಚಿದೆ. ಮಳೆ ಬಂದಿತು, ಸಂಜೆಯಾಯಿತು ಎಂಬಷ್ಟೇ ಸಹಜವಾಗಿ ಕ್ರಿಯೆ ತಾನಾಗಿ ನಡೆದಂತೆ ತೋರುತ್ತದೆ. ೨೦೨೩ರ ನವೆಂಬರ್‌ನಲ್ಲಿ ಜಯನಗರ ನಾಲ್ಕನೆಯ ಬ್ಲಾಕಿನ ಬೀದಿಬದಿ ವ್ಯಾಪಾರಿಗಳ ತೆರವು ನಡೆಯಿತು. ೨೦೧೪ರ ಕೇಂದ್ರ ಶಾಸನದಲ್ಲಿ ಬೀದಿಬದಿ ವ್ಯಾಪಾರಿಗಳೆಂದು ಹೆಸರು ಪಡೆದು ಹಕ್ಕುದಾರರಾದವರು, ತೆರವಿನ ಭಾಷೆಯಲ್ಲಿ ಒತ್ತುವರಿ ಎಂಬ ನಾಮಪದದೊಳಗೆ ಕರಗುತ್ತಾರೆ. ಎತ್ತಿಸಿದವರೂ ಎದ್ದು ಹೋದವರೂ ಒಟ್ಟಿಗೆ ವಾಕ್ಯದಿಂದ ಮರೆಯಾಗುವುದು ಹೀಗೆ.

ಕನ್ನಡದ ಬರಹಕ್ಕೆ ಇದು ಅನಿವಾರ್ಯವಾದ ಶೈಲಿಯೇ? ಶಾಸನಗಳ ಪರಂಪರೆ ಬೇರೆಯದನ್ನೇ ಹೇಳುತ್ತದೆ. ನಗರದ ದಕ್ಷಿಣದಲ್ಲೇ ಇರುವ ಬೇಗೂರಿನ ಶಾಸನಗಳನ್ನು ಉದಾಹರಿಸಬಹುದು. ಸುಮಾರು ಕ್ರಿ.ಶ. ೮೯೦ರದೆನ್ನಲಾದ ಒಂದು ಶಾಸನ ಬೆಂಗಳೂರಿನ ಕಾಳಗದಲ್ಲಿ ಮಡಿದವನನ್ನು ಹೆಸರಿಸುತ್ತದೆ. ಅಲ್ಲಿನ ಇನ್ನೊಂದು ಶಾಸನದಲ್ಲಿ ನಾಗತ್ತರ ಹೋರಾಡಿ ಸತ್ತ ಸಂಗತಿಯೂ, ಎರೆಯಪ್ಪ ಇರುಗನಿಗೆ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟ ಸಂಗತಿಯೂ ಇವೆ. ಕೊಟ್ಟವನು, ಪಡೆದವನು, ಕೊಟ್ಟ ವಸ್ತು, ಕೊಡಲು ಕಾರಣ ಎಲ್ಲವೂ ಸ್ಪಷ್ಟ. ಅಲ್ಲಿಯದು ಪ್ರಜಾಪ್ರಭುತ್ವವಲ್ಲ, ಹೆಸರು ಪಡೆದವರು ಪ್ರಭುತ್ವದ ವಲಯದವರು ಎಂಬುದು ನಿಜ. ಆದರೂ ಸಾರ್ವಜನಿಕ ದಾಖಲೆಯೆಂದರೆ ಕರ್ತೃವನ್ನು ಹೊತ್ತ ವಾಕ್ಯ ಎಂಬ ತಿಳಿವಳಿಕೆ ಕನ್ನಡಕ್ಕೆ ಹೊಸದಲ್ಲ ಎಂಬುದಂತೂ ಇದರಿಂದ ವಿದಿತವಾಗುತ್ತದೆ.

ಇದಕ್ಕೆ ಒಂದು ಆಕ್ಷೇಪ ಸಾಧ್ಯ. ಪಾಲಿಕೆಯ ನಿರ್ಣಯ ವ್ಯಕ್ತಿಯೊಬ್ಬನದಲ್ಲ, ಇಡೀ ಸಭೆಯದು. ಆದ್ದರಿಂದ ವ್ಯಕ್ತಿನಿರಪೇಕ್ಷ ವಾಕ್ಯವೇ ಯೋಗ್ಯ ಎನ್ನಬಹುದು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಸಾಮೂಹಿಕತೆಯನ್ನು ಹೇಳಲು ‘ಸಭೆ ತೀರ್ಮಾನಿಸಿತು’ ಎಂಬ ಸರಳವಾದ ಕರ್ತರಿ ವಾಕ್ಯವೇ ಸಾಕು. ಸಮೂಹವೂ ಕರ್ತೃವಾಗಬಲ್ಲದು. ‘ತೀರ್ಮಾನಿಸಲಾಯಿತು’ ಎಂಬುದು ವ್ಯಕ್ತಿಯನ್ನಷ್ಟೇ ಅಲ್ಲ, ಸಭೆಯನ್ನೂ ಅಳಿಸುತ್ತದೆ.

೫. ಸಭೆಯಿಲ್ಲದ ವರ್ಷಗಳು

ಈ ವ್ಯಾಕರಣದ ಪ್ರಶ್ನೆ ರಾಜಕೀಯ ಪ್ರಶ್ನೆಯಾಗುವುದು ಸಭೆಯೇ ಇಲ್ಲದ ಕಾಲದಲ್ಲಿ. ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿ, ಅವಧಿ ಮುಗಿಯುವುದರೊಳಗೆ ಪೌರಸಂಸ್ಥೆಗಳಿಗೆ ಚುನಾವಣೆ ನಡೆಯಬೇಕೆಂದು ವಿಧಿಸುತ್ತದೆ. ಬೆಂಗಳೂರಿನಲ್ಲಿ ೨೦೦೬ರ ಕೊನೆಯಿಂದ ೨೦೧೦ರವರೆಗೆ ಚುನಾಯಿತ ಸಭೆಯಿರಲಿಲ್ಲ. ೨೦೧೫ರಲ್ಲಿ ಆಯ್ಕೆಯಾದ ಸಭೆಯ ಅವಧಿ ೨೦೨೦ರ ಸೆಪ್ಟೆಂಬರ್ ೧೦ರಂದು ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳ ನೇಮಕವಾಯಿತು. ವಾರ್ಡುಗಳ ಸಂಖ್ಯೆ ಮೊದಲು ೨೪೩ಕ್ಕೆ ಏರಿ, ೨೦೨೩ರಲ್ಲಿ ೨೨೫ಕ್ಕೆ ಇಳಿಯಿತು. ಕೊನೆಗೆ ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮದ ಅನ್ವಯ ೨೦೨೫ರ ಸೆಪ್ಟೆಂಬರ್ ೨ರಂದು ಐದು ಪಾಲಿಕೆಗಳು ರಚನೆಯಾದವು; ಬೆಂಗಳೂರು ದಕ್ಷಿಣ ನಗರ ಪಾಲಿಕೆ ಅವುಗಳಲ್ಲೊಂದು. ಹೀಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ತನ್ನ ಕೊನೆಯ ಐದು ವರ್ಷಗಳನ್ನು ಸಭೆಯಿಲ್ಲದೆಯೇ ಕಳೆಯಿತು.

ಈ ಅವಧಿಯಲ್ಲಿಯೂ ಬಜೆಟ್ಟುಗಳು ಮಂಡನೆಯಾದವು, ಟೆಂಡರುಗಳು ಮಂಜೂರಾದವು, ತೆರಿಗೆ ಸಂಗ್ರಹವಾಯಿತು. ಆದೇಶಗಳ ಕ್ರಿಯಾಪದಗಳಲ್ಲಿ ಯಾವ ಬದಲಾವಣೆಯೂ ಆಗಬೇಕಾಗಿರಲಿಲ್ಲ. ಸಭೆಯಿದ್ದಾಗ ‘ಅನುಮೋದಿಸಲಾಗಿದೆ’, ಸಭೆಯಿಲ್ಲದಾಗಲೂ ‘ಅನುಮೋದಿಸಲಾಗಿದೆ’. ವಾಕ್ಯದಲ್ಲಿ ಕರ್ತೃವಿಗೆ ಮೊದಲೇ ಸ್ಥಾನವಿಲ್ಲದ ಕಾರಣ, ಕರ್ತೃ ಇಲ್ಲವಾದುದು ವಾಕ್ಯಕ್ಕೆ ತಿಳಿಯಲೇ ಇಲ್ಲ. ಇದು ಈ ಅಧ್ಯಯನದ ಮುಖ್ಯ ನಿಲುವು. ಕಡತದ ನುಡಿ ಸಭೆಯ ಗೈರುಹಾಜರಿಗೆ ಎಷ್ಟೋ ಮುಂಚೆಯೇ ಸಿದ್ಧವಾಗಿತ್ತು.

ವ್ಯತ್ಯಾಸವನ್ನು ತೋರಿಸಬಲ್ಲ ಒಂದೇ ಒಂದು ಸ್ಥಳವಿದೆ. ಸಭೆಯ ನಿರ್ಣಯದ ಕೊನೆಯಲ್ಲಿ ಸೂಚಕರು, ಅನುಮೋದಕರು ಎಂದು ಇಬ್ಬರು ಸದಸ್ಯರ ಹೆಸರುಗಳನ್ನು ನಮೂದಿಸುವ ಪದ್ಧತಿಯದು. ವ್ಯಾಕರಣ ಹೊರದೂಡಿದ ಕರ್ತೃ ಅಂಚಿನಲ್ಲಿ ಬಂದು ಕುಳಿತುಕೊಳ್ಳುವುದು ಅಲ್ಲಿಯೇ. ಆಡಳಿತಾಧಿಕಾರಿಯ ಆದೇಶದಲ್ಲಿ ಇಲ್ಲವಾಗುವುದು ಆ ಎರಡು ಹೆಸರುಗಳು.

ನಷ್ಟ ಇಷ್ಟಕ್ಕೇ ಸೀಮಿತವಲ್ಲ. ಮನೆಯಲ್ಲಿ ತೆಲುಗು, ತಮಿಳು, ಉರ್ದು ಆಡುವವರೂ ಸಭೆಯಲ್ಲಿ ಎದ್ದು ನಿಂತು ಕನ್ನಡದಲ್ಲಿ ವಾದಿಸುತ್ತಿದ್ದರು. ಕನ್ನಡವು ಅಲ್ಲಿ ಅಭಿಮಾನದ ಘೋಷಣೆಯಾಗಿರದೆ, ನೀರು, ಕಸ, ದೀಪಗಳನ್ನು ಕೇಳಿ ಪಡೆಯುವ ಸಾಧನವಾಗಿತ್ತು. ೨೦೧೬ರ ನಿಯಮಗಳಡಿ ರೂಪುಗೊಂಡ ವಾರ್ಡ್ ಸಮಿತಿಗಳು ಈ ಮಾತನ್ನು ಇನ್ನೂ ಹತ್ತಿರಕ್ಕೆ ತಂದಿದ್ದವು. ೨೦೨೦ರ ನಂತರ ಅವುಗಳ ಸಭೆಗಳನ್ನು ನೋಡಲ್ ಅಧಿಕಾರಿಗಳು ನಡೆಸಿದರು. ಜನ ದೂರು ಹೇಳಬಹುದಿತ್ತು. ಆದರೆ ದೂರನ್ನು ಠರಾವಾಗಿಸುವ ಸದಸ್ಯ ಅಲ್ಲಿರಲಿಲ್ಲ.

೬. ಸಮಾರೋಪ

ಕವಿ ಸಿದ್ಧಲಿಂಗಯ್ಯನವರು ವಿಧಾನ ಪರಿಷತ್ತಿನಲ್ಲಿ ಆಡಿದ ಮಾತುಗಳು ಪುಸ್ತಕರೂಪ ಪಡೆದು ಕನ್ನಡ ಗದ್ಯದ ಭಾಗವಾಗಿವೆ. ಪಾಲಿಕೆ ಸಭೆಯ ಮಾತಿಗೆ ಅಂತಹ ಗಮನ ದೊರೆತಿಲ್ಲ. ಕನ್ನಡ ವಿಭಾಗಗಳು ನಡವಳಿ ಪುಸ್ತಕಗಳನ್ನು ಆಡಳಿತದ ಕಡತಗಳೆಂದಷ್ಟೇ ನೋಡದೆ, ನಗರದ ನುಡಿಚರಿತ್ರೆಯ ಆಕರಗಳೆಂದು ಸಂಗ್ರಹಿಸಿ ಅಭ್ಯಸಿಸಬೇಕಾಗಿದೆ. ಆಡಳಿತ ಕನ್ನಡದ ತರಗತಿಗಳಲ್ಲಿ ‘ಮಾಡಲಾಗಿದೆ’ ಎಂದು ಮುಗಿಯುವ ಪತ್ರಗಳ ಮಾದರಿಯನ್ನು ಕಲಿಸುವುದರ ಜೊತೆಗೆ, ಅದೇ ವಾಕ್ಯವನ್ನು ಕರ್ತರಿಗೆ ತಿರುಗಿಸಿ, ಖಾಲಿಯಿರುವ ಸ್ಥಾನದಲ್ಲಿ ಯಾರಿದ್ದಾರೆಂದು ಹುಡುಕುವ ಅಭ್ಯಾಸವನ್ನೂ ಕಲಿಸಬಹುದು.

ಕರ್ತರಿ ವಾಕ್ಯವನ್ನು ಬರೆದಮಾತ್ರಕ್ಕೆ ಸಭೆ ಸೇರುವುದಿಲ್ಲ, ರಸ್ತೆ ದುರಸ್ತಿಯಾಗುವುದಿಲ್ಲ. ಆದರೆ ಸಭೆ ಸೇರದಿದ್ದಾಗ ಅದು ಸೇರಿಲ್ಲವೆಂಬುದು ವಾಕ್ಯದಲ್ಲಿ ಎದ್ದು ಕಾಣಬೇಕು. ‘ಸಭೆ ತೀರ್ಮಾನಿಸಿತು’ ಎಂದು ಬರೆಯುವ ರೂಢಿಯಿದ್ದರೆ, ಸಭೆಯಿಲ್ಲದ ದಿನ ಬರೆಯುವವನ ಲೇಖನಿ ಮೊದಲ ಪದದಲ್ಲೇ ತಡೆಯುತ್ತದೆ. ಆ ತಡೆಯನ್ನು ನುಡಿಯೊಳಗೆ ಉಳಿಸಿಕೊಳ್ಳುವುದು ಪೌರಾಡಳಿತ ಕನ್ನಡದ ಮುಂದಿರುವ ಹೊಣೆ.